ಹೋದದ್ದು ಒಂದು ಹಲ್ಲು, ಬಿಲ್ಲು ಮೂರು ಹಲ್ಲಿನದು ಏಕೆ?

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಕೊಡಗಿನ ಮನೆಗಳಲ್ಲಿ ಮುಂದೂಡಿದ ಕೆಲಸಗಳೆಲ್ಲ ನೆನಪಾಗುತ್ತವೆ. ಹಲ್ಲು ಕಟ್ಟಿಸುವುದು ಅಂಥದ್ದರಲ್ಲಿ ಒಂದು. ಕೀಳಿಸಿದ ಜಾಗ ವರ್ಷಗಟ್ಟಲೆ ಖಾಲಿ ಉಳಿದು, ಪಂದಿ ಕರಿಯ ತುಂಡನ್ನು ಒಂದೇ ಬದಿಯಲ್ಲಿ ಅಗಿಯುವುದು ರೂಢಿಯಾಗಿರುತ್ತದೆ. ಕ್ಲಿನಿಕ್ಕಿನಲ್ಲಿ ಖರ್ಚು ಕೇಳಿದರೆ ಗಾಬರಿ. ಊರಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತು ಥರದ ಸಲಹೆ. ಆ ಸಲಹೆಗಳಲ್ಲಿ ಹಲವು ತಪ್ಪು. ಅವನ್ನು ನಂಬಿದ್ದಕ್ಕೆ ದಂಡ ತೆರುವುದು ಬಾಯಲ್ಲಿ ಉಳಿದಿರುವ ಒಳ್ಳೆಯ ಹಲ್ಲುಗಳು.

ತಪ್ಪು ಕಲ್ಪನೆ 1: ಹಿಂದಿನ ದವಡೆ ಹಲ್ಲು ತಾನೆ, ಹೋದರೆ ಹೋಯಿತು.

ಸತ್ಯ: ಖಾಲಿ ಜಾಗ ಖಾಲಿಯಾಗಿಯೇ ಇರುವುದಿಲ್ಲ. ಅಕ್ಕಪಕ್ಕದ ಹಲ್ಲುಗಳು ನಿಧಾನವಾಗಿ ಅದರ ಕಡೆ ವಾಲುತ್ತವೆ. ಎದುರು ದವಡೆಯ ಹಲ್ಲಿಗೆ ಕಚ್ಚಲು ಜೊತೆಯಿಲ್ಲದೆ ಅದು ಇಳಿಯುತ್ತದೆ ಇಲ್ಲವೇ ಮೇಲೇಳುತ್ತದೆ. ಹೀಗೆ ಉಂಟಾದ ಸಂದುಗಳಲ್ಲಿ ಆಹಾರ ಸಿಕ್ಕಿಕೊಂಡು ಹುಳುಕೂ ವಸಡಿನ ರೋಗವೂ ಶುರುವಾಗಬಹುದು. ಹಲ್ಲು ಕಿತ್ತ ಜಾಗದ ಮೂಳೆಯೂ ಸವೆಯುತ್ತದೆ, ಅದರಲ್ಲೂ ಮೊದಲ ವರ್ಷದಲ್ಲಿ ಹೆಚ್ಚು. ತಡ ಮಾಡಿದಷ್ಟೂ ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ, ಖರ್ಚೂ ಏರುತ್ತದೆ.

ಹಾಗೆಂದು ಹೋದ ಪ್ರತಿ ಹಲ್ಲನ್ನೂ ಕಟ್ಟಿಸಲೇಬೇಕು ಎಂಬುದೂ ನಿಜವಲ್ಲ. ಬುದ್ಧಿಹಲ್ಲು ಕೀಳಿಸಿದ ಜಾಗಕ್ಕೆ ಏನೂ ಬೇಕಿಲ್ಲ. ಕೊನೆಯ ದವಡೆ ಹಲ್ಲೊಂದು ಹೋಗಿ, ಊಟಕ್ಕೆ ತೊಂದರೆಯಿಲ್ಲದೆ ಉಳಿದವು ಸ್ಥಿರವಾಗಿದ್ದರೆ, ಏನೂ ಮಾಡದೆ ಗಮನಿಸುತ್ತಿರುವುದೂ ವೈದ್ಯರು ಒಪ್ಪುವ ದಾರಿಯೇ. ಅದನ್ನು ಪರೀಕ್ಷೆ ಮಾಡಿಸಿಕೊಂಡು ನಿರ್ಧರಿಸಬೇಕು.

ತಪ್ಪು ಕಲ್ಪನೆ 2: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ.

ಸತ್ಯ: ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವ ನರವೇ ಬೇರೆ, ನೋಟವನ್ನು ಒಯ್ಯುವ ನರವೇ ಬೇರೆ. ಹಲ್ಲು ಕೀಳುವುದರಿಂದ ದೃಷ್ಟಿ ಕುಂದುವುದಿಲ್ಲ. ಈ ಭಯದಿಂದ ಕೀವು ತುಂಬಿದ ಹಲ್ಲನ್ನು ಇಟ್ಟುಕೊಂಡರೆ ಸೋಂಕು ಮುಖಕ್ಕೆ, ಕುತ್ತಿಗೆಗೆ ಹರಡುವ ಅಪಾಯವಿದೆ.

ತಪ್ಪು ಕಲ್ಪನೆ 3: ಒಂದು ಹಲ್ಲಿಗೆ ಮೂರು ಹಲ್ಲಿನ ದುಡ್ಡು ಕೇಳುವುದು ಸುಲಿಗೆ.

ಸತ್ಯ: ಬ್ರಿಡ್ಜ್ ಹೇಗೆ ನಿಲ್ಲುತ್ತದೆ ಎಂದು ತಿಳಿದರೆ ಲೆಕ್ಕ ಅರ್ಥವಾಗುತ್ತದೆ. ಖಾಲಿ ಜಾಗದ ಎರಡೂ ಬದಿಯ ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣದು ಮಾಡಿ ಅವಕ್ಕೆ ಕ್ಯಾಪ್ ತೊಡಿಸುತ್ತಾರೆ. ಆ ಎರಡು ಕ್ಯಾಪ್‌ಗಳ ನಡುವೆ ಬೆಸೆದುಕೊಂಡ ಹಲ್ಲು ಖಾಲಿ ಜಾಗವನ್ನು ತುಂಬುತ್ತದೆ. ಲ್ಯಾಬ್‌ನಲ್ಲಿ ಮೂರನ್ನೂ ಒಂದೇ ತುಂಡಾಗಿ ಮಾಡುತ್ತಾರೆ. ಬಿಲ್ಲೂ ಯೂನಿಟ್ ಲೆಕ್ಕದಲ್ಲಿ: ಒಂದು ಹಲ್ಲು ಹೋಗಿದ್ದರೆ ಸಾಮಾನ್ಯವಾಗಿ ಮೂರು ಯೂನಿಟ್, ಜೊತೆಯಾಗಿ ಎರಡು ಹೋಗಿದ್ದರೆ ನಾಲ್ಕು.

ಯೂನಿಟ್ಟಿನ ದರ ನಿಲ್ಲುವುದು ವಸ್ತುವಿನ ಮೇಲೆ. ಪೂರ್ತಿ ಲೋಹದ್ದು ಅಗ್ಗ, ಲೋಹದ ಮೇಲೆ ಸೆರಾಮಿಕ್ ಹೊದಿಸಿದ್ದು ಮಧ್ಯಮ, ಜಿರ್ಕೋನಿಯಾ ದುಬಾರಿ. ಉದಾಹರಣೆಗೆ ಸೆರಾಮಿಕ್ ಯೂನಿಟ್ಟಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಬ್ರಿಡ್ಜ್‌ಗೆ 12,000; ಜಿರ್ಕೋನಿಯಾಕ್ಕೆ 9,000 ಎಂದಿಟ್ಟುಕೊಂಡರೆ 27,000. ಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಬೇಕಾದರೆ ಅದರ ಖರ್ಚು ಬೇರೆ. ಹಾಗಾಗಿ ‘ಬ್ರಿಡ್ಜ್‌ಗೆ ಎಷ್ಟು?’ ಎಂದಷ್ಟೇ ಕೇಳಿ ಎರಡು ಕ್ಲಿನಿಕ್ಕುಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಎಷ್ಟು ಯೂನಿಟ್, ಯಾವ ವಸ್ತು, ಏನೇನು ಸೇರಿದೆ ಎಂದು ಕೇಳಬೇಕು.

ಬಿಲ್ಲಿನಲ್ಲಿ ಕಾಣದ ಖರ್ಚೊಂದಿದೆ. ಅರೆದ ಹಲ್ಲಿನ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಪಕ್ಕದ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆ. ಅವು ಒಂದು ಕಲೆಯೂ ಇಲ್ಲದೆ ಗಟ್ಟಿಯಾಗಿದ್ದರೆ ಅರೆಯುವ ಮುನ್ನ ಎರಡು ಸಲ ಯೋಚಿಸಬೇಕು.

ತಪ್ಪು ಕಲ್ಪನೆ 4: ಬ್ರಿಡ್ಜ್ ಒಮ್ಮೆ ಕೂರಿಸಿದರೆ ಆಯುಷ್ಯಪೂರ್ತಿ ಚಿಂತೆಯಿಲ್ಲ.

ಸತ್ಯ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹತ್ತು ವರ್ಷದ ನಂತರವೂ ಬಾಯಲ್ಲಿ ಉಳಿಯುವ ಬ್ರಿಡ್ಜ್‌ಗಳು ಶೇ 90ರ ಆಸುಪಾಸು. ಇದು ಒಳ್ಳೆಯ ಫಲಿತಾಂಶವೇ, ಆದರೆ ಶಾಶ್ವತವೆಂಬ ಭರವಸೆಯಲ್ಲ. ಸೆರಾಮಿಕ್ಕಿಗೆ ಹುಳುಕು ಹತ್ತುವುದಿಲ್ಲ. ಕ್ಯಾಪ್‌ನ ಅಂಚಿನಲ್ಲಿರುವ ಸ್ವಂತ ಹಲ್ಲಿಗೆ ಹತ್ತುತ್ತದೆ. ಆಧಾರದ ಹಲ್ಲೊಂದು ಹಾಳಾದರೆ ಇಡೀ ಬ್ರಿಡ್ಜ್ ಹೋದಂತೆ. ನಡುವಿನ ಹಲ್ಲಿನ ಕೆಳಗೆ ಮಾಮೂಲಿ ಬ್ರಷ್ ನುಗ್ಗದು. ಸಂದಿನ ಸಣ್ಣ ಬ್ರಷ್ ಅಥವಾ ಬ್ರಿಡ್ಜ್‌ಗೆಂದೇ ಸಿಗುವ ದಾರದಿಂದ ದಿನಾ ಶುಚಿ ಮಾಡಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಬಿಡದೆ ಹಲ್ಲು ಕಟ್ಟಿಸಿದರೆ ಹಾಕಿದ ದುಡ್ಡಿಗೆ ಭದ್ರತೆಯಿಲ್ಲ.

ತಪ್ಪು ಕಲ್ಪನೆ 5: ದುಡ್ಡಿದ್ದವರಿಗೆ ಇಂಪ್ಲಾಂಟೇ ಸರಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಆಗದು.

ಸತ್ಯ: ಎರಡೂ ಅರ್ಧಸತ್ಯ. ಟೈಟಾನಿಯಂ ಲೋಹಕ್ಕೆ ಮೂಳೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಗುರುತಿಸಿ, 1965ರಲ್ಲಿ ಮೊದಲ ರೋಗಿಯ ದವಡೆಗೆ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನಂತೆ ನಿಲ್ಲುವ ತಿರುಪು, ಕೂರಿಸಿದರು. ಪಕ್ಕದ ಹಲ್ಲನ್ನು ಮುಟ್ಟಬೇಕಿಲ್ಲ ಎಂಬುದೇ ಇದರ ದೊಡ್ಡ ಲಾಭ. ಆದರೆ ಸಾಕಷ್ಟು ಮೂಳೆ ಬೇಕು, ಅದು ಬೆಸೆಯಲು ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬೇಕು, ಒಂದು ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ಸಕ್ಕರೆ ಹತೋಟಿಯಲ್ಲಿದ್ದರೆ ಇಂಪ್ಲಾಂಟ್ ಸಾಧ್ಯ; ಹತೋಟಿ ತಪ್ಪಿದ್ದರೆ ಸೋಂಕಿನ ಅಪಾಯ ಹೆಚ್ಚು. ಧೂಮಪಾನವೂ ವೈಫಲ್ಯವನ್ನು ಹೆಚ್ಚಿಸುತ್ತದೆ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಲೇಬೇಕು.

ತಪ್ಪು ಕಲ್ಪನೆ 6: ತೆಗೆದು ಹಾಕುವ ಹಲ್ಲು ಅಜ್ಜಂದಿರ ಕಾಲದ್ದು.

ಸತ್ಯ: ಹಲವು ಹಲ್ಲು ಹೋದವರಿಗೆ, ಕೊನೆಯಲ್ಲಿ ಆಧಾರದ ಹಲ್ಲೇ ಉಳಿಯದವರಿಗೆ, ಈಗ ದುಡ್ಡಿಲ್ಲದವರಿಗೆ ಇದು ಮರ್ಯಾದೆಯ ದಾರಿ. ಅಕ್ರಿಲಿಕ್ಕಿನದು ಅಗ್ಗ; ಲೋಹದ ಎರಕದ್ದು ತೆಳು, ಗಟ್ಟಿ, ಸ್ವಲ್ಪ ದುಬಾರಿ. ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರು ಹಾಕಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ.

ತಪ್ಪು ಕಲ್ಪನೆ 7: ಸಂತೆಯ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಕಟ್ಟಿಕೊಡುತ್ತಾರೆ, ಅದೇ ಲಾಭ.

ಸತ್ಯ: ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ದಂತಚಿಕಿತ್ಸೆ ಮಾಡುವಂತಿಲ್ಲ. ಬೀದಿಬದಿಯಲ್ಲಿ ಮಾಡುವುದು ತಂತಿ, ಅಕ್ರಿಲಿಕ್ ಪುಡಿ ಸೇರಿಸಿ ಒಳ್ಳೆಯ ಹಲ್ಲುಗಳಿಗೆ ಅಂಟಿಸುವ ಕೆಲಸ. ಅದನ್ನು ತೆಗೆಯಲಾಗದು, ಕೆಳಗೆ ತೊಳೆಯಲಾಗದು. ವಸಡು ಊದಿ, ಮೂಳೆ ಕರಗಿ, ಅಂಟಿಸಿದ ಹಲ್ಲಿನ ಜೊತೆ ಅಕ್ಕಪಕ್ಕದ ಸ್ವಂತ ಹಲ್ಲುಗಳೂ ಅಲುಗಾಡತೊಡಗುತ್ತವೆ.

ತಪ್ಪು ಕಲ್ಪನೆ 8: ಡೆಂಟಲ್ ಕಾಲೇಜಿಗೆ ಹೋದರೆ ಮಕ್ಕಳು ನಮ್ಮ ಮೇಲೆ ಕಲಿಯುತ್ತಾರೆ.

ಸತ್ಯ: ಕಲಿಯುತ್ತಾರೆ, ಆದರೆ ಬೋಧಕರು ನೋಡಿ ಒಪ್ಪಿದ ಮೇಲೆಯೇ ಮುಂದಿನ ಹೆಜ್ಜೆ. ವಿರಾಜಪೇಟೆಯ ಮಗ್ಗುಲದಲ್ಲಿ 1999ರಿಂದ ಕೊಡಗು ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಹೋಗಿಬರುವ ಸರದಿ ಹೆಚ್ಚು. ದಿನಗೂಲಿ ಬಿಟ್ಟು ಬಸ್ಸು ಹಿಡಿಯುವ ತೋಟದ ಲೈನ್ ಮನೆಯವರು ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲು ರಾಜ್ಯ ಸರ್ಕಾರ 2014-15ರಲ್ಲಿ ‘ದಂತ ಭಾಗ್ಯ’ ಯೋಜನೆ ತಂದಿತು. ಅದು ಬ್ರಿಡ್ಜ್‌ಗಾಗಲಿ ಇಂಪ್ಲಾಂಟ್‌ಗಾಗಲಿ ಅಲ್ಲ. ಈಗಿನ ನಿಯಮವನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು.

ಕುರ್ಚಿಯಲ್ಲಿ ಒರಗುವ ಮುನ್ನ ಇಷ್ಟು ಕೇಳಿ: ಎಕ್ಸ್‌ರೇಯಲ್ಲಿ ಮೂಳೆ, ಪಕ್ಕದ ಹಲ್ಲಿನ ಬೇರು ಹೇಗಿವೆ? ಏನೂ ಮಾಡದಿದ್ದರೆ ಏನಾಗುತ್ತದೆ? ಪಕ್ಕದ ಹಲ್ಲನ್ನು ಎಷ್ಟು ಅರೆಯಬೇಕು? ಹಾಳಾದರೆ ಮುಂದಿನ ದಾರಿ ಯಾವುದು? ಒಟ್ಟು ಖರ್ಚನ್ನು ಬರೆದುಕೊಡುತ್ತೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬ್ರಿಡ್ಜ್, ಇಂಪ್ಲಾಂಟ್, ತೆಗೆದು ಹಾಕುವ ಹಲ್ಲು ಎಂಬ ಮೂರು ದಾರಿಗಳಲ್ಲಿ ಯಾವುದೂ ಎಲ್ಲರಿಗೂ ಶ್ರೇಷ್ಠವಲ್ಲ. ಉಳಿದ ಹಲ್ಲುಗಳನ್ನು ಹೆಚ್ಚು ಕಾಲ ಉಳಿಸುವುದು ಯಾವುದೋ, ನಿಮ್ಮ ಪಾಲಿಗೆ ಅಗ್ಗವಾದದ್ದು ಅದೇ.