ಅರ್ಧ ಜೈಮಿನಿಯ ಒಡೆಯರು

ಮಾಸ್ತರರು ಹಾಳೆಯನ್ನು ಓದುವ ಮೊದಲು ಅದರ ಬೆನ್ನು ಸವರುತ್ತಾರೆ. ಕಣ್ಣು ಮುಚ್ಚಿಕೊಂಡು, ಬಲಗೈ ನಡುಬೆರಳಿನ ತುದಿಯಿಂದ, ಮೇಲಿನಿಂದ ಕೆಳಗೆ ಒಮ್ಮೆ, ಎಡದಿಂದ ಬಲಕ್ಕೆ ಒಮ್ಮೆ. ಎಂಬತ್ತು ದಾಟಿ ವರ್ಷಗಳಾದ ಆ ಬೆರಳು ಚಹಾದ ಬಸಿ ಹಿಡಿಯುವಾಗ ನಡುಗುತ್ತದೆ, ಹಾಳೆಯ ಮೇಲೆ ನಡುಗುವುದಿಲ್ಲ.

“ಮೊಳಿ ಅಚ್ಚಾಗಿದ್ರ ಬೆನ್ನಾಗ ಮುಳ್ಳಮುಳ್ಳ ಹತ್ತತೈತ್ರಿ. ಇದು ನೋಡ್ರಿ, ನುಣ್ಣಗ. ಇದು ಕಲ್ಲಚ್ಚು.”

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಪೂರ್ವ ಭಾಗದ ಕರಜಗಿಗೆ ನಾನು ಹೋದದ್ದು ಈ ಬೆರಳಿಗಾಗಿ. ಮನೆಯಲ್ಲೊಂದು ಹಳೆಯ ಮುದ್ರಿತ ಜೈಮಿನಿ ಭಾರತದ ತುಂಡು ಇದೆ, ಅದು ಯಾರ ಯಾರ ಕೈ ದಾಟಿ ಬಂತೆಂಬುದನ್ನು ಕನ್ನಡ ಶಾಲೆಯ ನಿವೃತ್ತ ಮಾಸ್ತರರೊಬ್ಬರು ಹಾಳೆಯಿಂದಲೇ ಓದುತ್ತಾರೆ ಎಂದು ವಿಜಯಪುರದ ಗೆಳೆಯರು ಹೇಳಿದ್ದರು. ಹೆಸರು ಬರೆಯಬೇಡಿ ಎಂದು ಅವರು ಮೊದಲೇ ಕೇಳಿಕೊಂಡರು. ಊರಿನವರಿಗೆ ಅವರು ಮಾಸ್ತರ, ನನಗೂ ಮಾಸ್ತರರೇ.

ಈ ಸೀಮೆಯಲ್ಲಿ ಹೊಲದ ಮಾತು, ಜಗಳದ ಮಾತು, ಹಾಡಿನ ಮಾತು ಎಲ್ಲ ಕನ್ನಡ. ಕಾಗದಪತ್ರ ಮರಾಠಿ. ಹಿಂದೆ ಡಫಳೆ ಮನೆತನದ ಜತ್ತ ಸಂಸ್ಥಾನ ಇತ್ತು, ದಫ್ತರ ಮೋಡಿ ಲಿಪಿಯಲ್ಲಿತ್ತು. ಹಾಗಾಗಿ ಮಾಸ್ತರರಿಗೆ ಮೂರು ಲಿಪಿ ಬರುತ್ತದೆ. ಮೂರೂ ಬೇಕಾಗುತ್ತದೆ ಕೂಡ, ಏಕೆಂದರೆ ಅವರ ಪುಸ್ತಕದ ಅಂಚಿನಲ್ಲಿ ಮೂರೂ ಇವೆ.

ದೇವರ ಜಗಲಿಯ ಮೇಲಿಂದ ಇಳಿಸಿದ ಗಂಟು ಗುಳೇದಗುಡ್ಡದ ಹಳೆಯ ಖಣದ್ದು. ಬಿಚ್ಚಿದರೆ ಮೊದಲು ಬೇವಿನ ಎಲೆಯ ಪುಡಿ, ಆಮೇಲೆ ಹಾಳೆಗಳು. ನೂರ ಹದಿನೆಂಟು. ಜೈಮಿನಿ ಭಾರತಕ್ಕೆ 34 ಸಂಧಿ. ಈ ತುಂಡು ಹತ್ತೊಂಬತ್ತನೆಯ ಸಂಧಿಯ ನಡುವೆ ಶುರುವಾಗಿ, ಕೊನೆಯ ಸಂಧಿ ಮುಗಿಯುವ ಮುನ್ನವೇ ನಿಲ್ಲುತ್ತದೆ. ಮುಖಪುಟವಿಲ್ಲ, ಕೊನೆಯ ಹಾಳೆಯೂ ಇಲ್ಲ. ಎಲ್ಲಿ ಅಚ್ಚಾಯಿತು, ಯಾರು ಅಚ್ಚು ಹಾಕಿದರು ಎಂದು ಹೇಳುವವು ಈ ಎರಡೇ. ಹಳೆಯ ಪುಸ್ತಕಗಳಲ್ಲಿ ಮೊದಲು ಹೋಗುವವೂ ಈ ಎರಡೇ.

ಕಲ್ಲಚ್ಚು ಎಂದರೆ ಏನೆಂದು ಎರಡು ಮಾತು. ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ನುಣುಪು ಸುಣ್ಣಗಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಅಚ್ಚಿನ ಮಸಿ ಬಳಿದಾಗ ಒದ್ದೆ ಜಾಗ ಮಸಿಯನ್ನು ದೂರವಿಡುತ್ತದೆ, ಜಿಡ್ಡು ಇದ್ದಲ್ಲಿ ಮಸಿ ಕೂರುತ್ತದೆ. ಮೇಲೆ ಕಾಗದ ಒತ್ತಿದರೆ ಪುಟ ಸಿದ್ಧ. ಬವೇರಿಯಾದ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡ ಈ ವಿದ್ಯೆ ನಮ್ಮ ಲಿಪಿಗಳಿಗೆ ವರವಾಯಿತು. ಒತ್ತಕ್ಷರ, ಗುಣಿತ ಸೇರಿ ನೂರಾರು ಮೊಳೆ ಕೊರೆಸುವ ಖರ್ಚಿಲ್ಲ, ಅಂದವಾಗಿ ಬರೆಯುವ ಒಬ್ಬ ಲಿಪಿಕಾರನಿದ್ದರೆ ಸಾಕು. ಕಲ್ಲಚ್ಚಿನ ಪುಸ್ತಕ ಅಚ್ಚಾದ ಪುಸ್ತಕವೂ ಹೌದು, ಒಬ್ಬನ ಕೈಬರಹವೂ ಹೌದು. ಮಾಸ್ತರರು ತಮ್ಮ ಲಿಪಿಕಾರನನ್ನು “ನಮ್ಮಾಂವ” ಎನ್ನುತ್ತಾರೆ. ಅವನು ‘ಳ’ ಬರೆಯುವಾಗ ಬಾಲ ಸ್ವಲ್ಪ ಮೇಲಕ್ಕೆತ್ತುತ್ತಾನೆ. ಪುಟದ ಕೊನೆಯಲ್ಲಿ ಜಾಗ ಸಾಲದಾದರೆ ಅಕ್ಷರ ಕಿರಿದು ಮಾಡುತ್ತಾನೆ. ಎಪ್ಪತ್ತನೆಯ ಹಾಳೆಯ ಆಸುಪಾಸಿನಲ್ಲಿ ಅವನ ಕೈ ದಣಿದಿತ್ತು ಎಂದು ಮಾಸ್ತರರು ಸಾಲು ಸಾಲು ತೋರಿಸಿದರು. ನನಗೂ ಕಂಡಿತು.

ಕನ್ನಡದ ಅಚ್ಚಿನ ಕಥೆ ದೂರದ ಬಂಗಾಳದಲ್ಲಿ ಶುರುವಾಗುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಹೊರಬಂದದ್ದು 1817ರಲ್ಲಿ. ಅದಕ್ಕೂ ಮೊದಲು, 1812ರ ಮಾರ್ಚಿನಲ್ಲಿ, ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಮೊಳೆಗಳೂ ಅನೇಕ ಹಸ್ತಪ್ರತಿಗಳೂ ಸುಟ್ಟಿದ್ದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನಿಂದಲೇ ಮುದ್ರಣ ಶುರು ಮಾಡಿತು. ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚೇ. ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳನ್ನು ಅವರೇ ಅಲ್ಲಿಂದ ಅಚ್ಚು ಹಾಕಿಸಿದರು. ಉತ್ತರದ ನಮ್ಮ ಕಡೆ ಮುಂಬಯಿ ಹತ್ತಿರ, ಅಲ್ಲಿಗೂ ಕಲ್ಲಚ್ಚು 1820ರ ದಶಕದಲ್ಲೇ ಬಂದಿತ್ತು. 1867ರ ಮುದ್ರಣ ಕಾಯಿದೆ ಬಂದ ಮೇಲೆ ಪ್ರತಿ ಪುಸ್ತಕದ ಮೇಲೆ ಮುದ್ರಕನ ಹೆಸರು, ಊರು ಇರಬೇಕಾಯಿತು. ಪುಸ್ತಕದ ಪ್ರತಿ ಸರ್ಕಾರಕ್ಕೆ ಹೋಗಬೇಕಾಯಿತು, ಮೂರು ತಿಂಗಳಿಗೊಮ್ಮೆ ಪಟ್ಟಿ ಹೊರಡಬೇಕಾಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಪಟ್ಟಿಯನ್ನು ಬಾರ್ನೆಟ್ 1910ರಲ್ಲಿ ಪ್ರಕಟಿಸಿದರು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಬಂದಾಗ ಹತ್ತೊಂಬತ್ತನೆಯ ಶತಮಾನದ ಕನ್ನಡಕ್ಕೆ ಮೊದಲ ಸಲ ಒಂದು ದೊಡ್ಡ ನಕಾಶೆ ಸಿಕ್ಕಿತು. ಮಾಸ್ತರರ ಟ್ರಂಕಿನಲ್ಲಿ ಅದರ ಪ್ರತಿಯಿದೆ, ಬೆನ್ನಿಗೆ ಬಟ್ಟೆ ಅಂಟಿಸಿಕೊಂಡು.

ಪಟ್ಟಿಗಳು ಪುಸ್ತಕ ಹುಟ್ಟಿದ್ದನ್ನು ಹೇಳುತ್ತವೆ. ಆಮೇಲೆ ಅದು ಯಾರ ಮನೆಯಲ್ಲಿ ಬಾಳಿತು ಎಂಬುದಕ್ಕೆ ಅಂಚನ್ನೇ ನೋಡಬೇಕು.

ನಲವತ್ತೊಂದನೆಯ ಹಾಳೆಯ ಎಡ ಅಂಚಿನಲ್ಲಿ ಮೋಡಿಯ ಎರಡು ಸಾಲು. ಜೋಳಕ್ಕೆ ಒತ್ತೆ ಇಟ್ಟದ್ದರ ಗುರುತು ಅದು. ಇಷ್ಟು ಪಾಯಲಿ ಜೋಳ ಕೊಟ್ಟು ಪೋಥಿ ಇಟ್ಟುಕೊಂಡಿದೆ ಎಂದು ಯಾರೋ ಬರೆದಿದ್ದಾರೆ. ಇಸವಿ ಇಲ್ಲ, ಸಂವತ್ಸರ ಇದೆ: ಈಶ್ವರ. ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಹೆಸರು. ಮಾಸ್ತರರು ಬೆರಳು ಮಡಚಿ ಎಣಿಸಿದರು. ಈಶ್ವರ ಬಂದದ್ದು 1817ರಲ್ಲಿ, 1877ರಲ್ಲಿ, 1937ರಲ್ಲಿ. 1817 ಆಗುವಂತಿಲ್ಲ, ಕೇರಿಯ ವ್ಯಾಕರಣ ಹೊರಬಂದ ವರ್ಷ ಅದು, ಕನ್ನಡ ಕಾವ್ಯಕ್ಕೆ ಅಚ್ಚಿನ ಕಲ್ಲು ಇನ್ನೂ ಕಂಡಿರಲಿಲ್ಲ. 1937 ಏಕಲ್ಲ? ಮಾಸ್ತರರು ಭೂತಗನ್ನಡಿ ಕೊಟ್ಟರು. ಮೋಡಿ ಸಾಲಿನ ಕೊನೆಯ ಅಕ್ಷರದ ಮೇಲೆ ಇನ್ನೊಂದು ಮಸಿಯ ಗೆರೆ ಹಾದುಹೋಗಿದೆ. ಅದು ಅವರ ಅಜ್ಜನ ಸಹಿಯ ಬಾಲ, ಪಕ್ಕದಲ್ಲಿ 1911 ಎಂದಿದೆ. ಸಹಿ ಮೇಲೆ, ಮೋಡಿ ಕೆಳಗೆ. ಹಾಗಾದರೆ ಒತ್ತೆ 1911ಕ್ಕೂ ಹಿಂದಿನದು. ಉಳಿದದ್ದು 1877.

ಹಿಂದಿನ ವರ್ಷ ಧಾತು, ಆಮೇಲೆ ಈಶ್ವರ. ಈ ಎರಡು ಸಂವತ್ಸರಗಳ ಬರ ನಮ್ಮ ಹಿರಿಯರ ನೆನಪಿನಲ್ಲಿ ಹೇಗೆ ಉಳಿದಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ವಿಜಯಪುರ ಸೀಮೆ ಅದರಲ್ಲಿ ಬರಿದಾಗಿತ್ತು, ಗಡಿಯಾಚೆಯ ಈ ಹಳ್ಳಿಗಳಿಗೂ ಅದೇ ಆಕಾಶ. ಯಾರದೋ ಮನೆಯಲ್ಲಿ ಹಿತ್ತಾಳೆ, ತಾಮ್ರ ಎಲ್ಲ ಹೋಗಿ ಕೊನೆಗೆ ಪುರಾಣದ ಪುಸ್ತಕವೂ ಜೋಳದ ಚೀಲದ ಬಾಯಿಗೆ ಬಂದಿದೆ. ಒತ್ತೆ ಬಿಡಿಸಿದ ಗುರುತು ಎಲ್ಲೂ ಇಲ್ಲ. ಜೋಳ ಕೊಟ್ಟವರ ಮನೆಯಿಂದ ಅಜ್ಜನಿಗೆ ಹೇಗೆ ಬಂತು ಎಂಬುದಕ್ಕೆ ಮನೆಯಲ್ಲೊಂದು ಮಾತಿದೆ: ಅಜ್ಜಿಯ ತವರಿನವರು ಉಡಿಯೊಳಗೆ ಹಾಕಿ ಕಳಿಸಿದರು ಎಂದು. ಮಾಸ್ತರರು ಅದನ್ನು “ಮಾತು” ಎಂದೇ ಬರೆದಿಟ್ಟಿದ್ದಾರೆ, “ಗುರುತು” ಎಂದಲ್ಲ. ಅವರ ನೋಟುಬುಕ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಮ್ಮು ಇದೆ.

ಅಜ್ಜನ ಸಹಿಯ ಕೆಳಗೆ “ಮುಕ್ಕಾಮ ಕರಜಗಿ, ಸಂಸ್ಥಾನ ಜತ್ತ”. ಇನ್ನೊಂದು ಹಾಳೆಯಲ್ಲಿ ತಂದೆಯವರ ಅಕ್ಷರ, ಇಸವಿ ಇಲ್ಲದೆ: “ಮು. ಪೋ. ಕರಜಗಿ, ತಾ. ಜತ್ತ, ಜಿ. ದ. ಸಾತಾರಾ”. ಮೂರನೆಯದು ಮಾಸ್ತರರದೇ ಹರೆಯದ ಕೈ: “ಜಿ. ಸಾಂಗಲಿ”. ನಾನು ಮೂರನ್ನೂ ಓದಿ ಮುಂದೆ ಹೋಗುತ್ತಿದ್ದೆ. ಅವರು ತಡೆದರು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ್ದು 1948ರಲ್ಲಿ. ಮರುವರ್ಷ ಸಾತಾರಾ ಜಿಲ್ಲೆ ಒಡೆದು ದಕ್ಷಿಣ ಸಾತಾರಾ ಆಯಿತು. 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂತು. ಅಂದಮೇಲೆ “ದ. ಸಾತಾರಾ” ಎಂದು ಬರೆದ ಕೈ 1949ರಿಂದ 1960ರ ನಡುವೆ ಬರೆದದ್ದು. ಊರು ಒಂದಿಂಚೂ ಸರಿದಿಲ್ಲ. ವಿಳಾಸ ಬದಲಾಗುತ್ತ ಹೋಗಿ ತಾರೀಖನ್ನು ಬಿಟ್ಟುಹೋಗಿದೆ.

ಸೋಲಾಪುರದಲ್ಲಿ ಇನ್ನೊಂದು ಅರ್ಧ ಇದೆ. ಅಜ್ಜ ತೀರಿದ ಮೇಲೆ ತಂದೆ, ಕಾಕಾ ಇಬ್ಬರಲ್ಲಿ ವಾಟಣಿ ಆಯಿತು. ಎತ್ತು ಒಂದೊಂದು, ಹಂಡೆ ಒಬ್ಬರಿಗೆ, ಹರಿವಾಣ ಒಬ್ಬರಿಗೆ. ಪುಸ್ತಕ ಯಾರಿಗೆ ಎಂಬಲ್ಲಿ ಮಾತು ನಿಂತಿತು. ಯಾರೂ ಬಿಡಲು ಒಪ್ಪಲಿಲ್ಲ. ಕೊನೆಗೆ ಹಿರಿಯರೊಬ್ಬರು ಹೊಲಿಗೆ ಬಿಚ್ಚಿ, ದಪ್ಪ ನೋಡಿ, ನಡುವೆ ಎತ್ತಿ ಕೊಟ್ಟರು. ಸಂಧಿ ಮುಗಿಯಿತೋ ಇಲ್ಲವೋ ನೋಡಲಿಲ್ಲ. ಕಾಕಾ ಮುಂದೆ ಗಿರಣಿ ಕೆಲಸಕ್ಕೆ ಸೋಲಾಪುರಕ್ಕೆ ಹೋದರು, ಮೊದಲರ್ಧ ಅವರ ಜೊತೆ ಹೋಯಿತು. “ಸಂಸ್ಥಾನ ಜತ್ತ” ಎರಡೂ ಅರ್ಧಗಳಲ್ಲಿದೆ, “ದ. ಸಾತಾರಾ” ಇಲ್ಲಿ ಮಾತ್ರ.

ಕೆಲವು ವರ್ಷಗಳ ಹಿಂದೆ ಕಾಕಾನ ಮೊಮ್ಮಗ ಆ ಅರ್ಧವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದನಂತೆ. ಮಾಸ್ತರರು ಎರಡನ್ನೂ ಒಂದರ ಮೇಲೊಂದು ಜೋಡಿಸಿ, ಹುಳ ಕೊರೆದ ತೂತೊಂದರಲ್ಲಿ ಕಸಬರಿಗೆಯ ಕಡ್ಡಿ ಇಳಿಸಿದರು. ಕಡ್ಡಿ ಸೋಲಾಪುರದ ಹಾಳೆಗಳಲ್ಲಿ ಇಳಿದು ಕರಜಗಿಯ ಹಾಳೆಗಳಲ್ಲಿ ಹೊರಬಂತು. ಓರೆಯಾಗಿ, ಹುಳ ಹೋದ ದಾರಿಯಲ್ಲೇ. “ಅಣ್ಣತಮ್ಮರು ಬ್ಯಾರೆ ಆಗೂಕಿಂತ ಮೊದಲ ಹುಳ ಹೊಂಟು ಹೋಗಿತ್ರಿ” ಎಂದರು. ಹೇಳುವಾಗ ಅವರ ಗಂಟಲು ಕಟ್ಟಿತ್ತು. ಎರಡು ದಿನ ಇಡೀ ಜೈಮಿನಿ ಒಂದೇ ಜಗಲಿಯ ಮೇಲಿತ್ತು. ಮೂರನೆಯ ದಿನ ಹುಡುಗ ತನ್ನ ಅರ್ಧ ತೆಗೆದುಕೊಂಡು ಬಸ್ಸು ಹತ್ತಿದ. ಅದರಲ್ಲೂ ಮುಖಪುಟವಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾರ ಹೆಸರೂ ಇಲ್ಲದ ಹಾಳೆ. ಚಂದ್ರಹಾಸನ ಕಥೆ ಬರುವಲ್ಲಿ, ವಿಷ ಕೊಡು ಎಂದು ತಂದೆ ಬರೆದ ಓಲೆಯನ್ನು ವಿಷಯೆ ತಿದ್ದಿ ತನ್ನ ಮದುವೆಯ ಓಲೆ ಮಾಡಿಕೊಳ್ಳುತ್ತಾಳಲ್ಲ, ಅದರ ಮುಂದಿನ ಪುಟಗಳು ಉಳಿದವುಗಳಿಗಿಂತ ಹಳದಿ. ಹಳತಾದ ಕಾಗದದ ಹಳದಿಯಲ್ಲ, ಅರಿಷಿಣ. ಬೆಳಕಿಗೆ ಹಿಡಿದರೆ ಅಕ್ಕಿಕಾಳಿನ ಉದ್ದನೆಯ ಗುರುತು ನಾಲ್ಕೈದು ಕಾಣುತ್ತವೆ. ಶ್ರಾವಣದ ಪುರಾಣ ಮದುವೆಯ ಪ್ರಸಂಗಕ್ಕೆ ಬಂದಾಗ ಕೂತ ಹೆಣ್ಣುಮಕ್ಕಳು ಪುಸ್ತಕಕ್ಕೇ ಅಕ್ಷತೆ ಹಾಕುತ್ತಿದ್ದರು ಎಂದು ಮಾಸ್ತರರು ನೆನೆದರು. ಆ ಹೆಣ್ಣುಮಕ್ಕಳಲ್ಲಿ ಯಾರೂ ಅಂಚಿನಲ್ಲಿ ಸಹಿ ಹಾಕಿಲ್ಲ, ಬಹಳ ಮಂದಿಗೆ ಬರೆಯಲು ಬರುತ್ತಿರಲಿಲ್ಲ. ಒಡೆಯರ ಸಾಲಿನಲ್ಲಿ ಅವರನ್ನೂ ಸೇರಿಸಬೇಕು ಎಂದು ನಾನು ಅಂದೆ. ನೋಟುಬುಕ್ಕಿನಲ್ಲಿ, “ಗುರುತು” ಕಾಲಮ್ಮಿನಲ್ಲಿ, ಅದು ಆಗಲೇ ಇತ್ತು.

1972ರ ಬರದಲ್ಲಿ ಊರಿಗೆ ಊರೇ ಖಡಿ ಒಡೆಯಲು ಹೋಗಿತ್ತು, ಸುಕಡಿ ತಿಂದು, ಮಿಲೋ ಜೋಳದ ಕೆಂಪು ರೊಟ್ಟಿ ತಿಂದು ದಿನ ಕಳೆದಿತ್ತು. ಆಗ ಹಳೆಯ ಪುಸ್ತಕ ಕೊಳ್ಳುವವರೊಬ್ಬರು ಮನೆಗೆ ಬಂದಿದ್ದರಂತೆ. ತಾಯಿ ಕೊಡಲಿಲ್ಲ. ಇದಕ್ಕಿಂತ ಹೆಚ್ಚು ಮಾಸ್ತರರು ಹೇಳಲಿಲ್ಲ.

ವಿಜಯಪುರದ ಫ. ಗು. ಹಳಕಟ್ಟಿಯವರು ವಚನದ ಕಟ್ಟುಗಳಿಗಾಗಿ ಮನೆಮನೆ ತಿರುಗಿದ್ದು, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದ್ದು, ಮುಂದೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಕಟ್ಟಿದ್ದು ನಮಗೆಲ್ಲ ಗೊತ್ತು. ಮಂಚಾಲೆ ಮನೆತನದಲ್ಲಿ ಕಟ್ಟು ಅವರ ಕಣ್ಣಿಗೆ ಬಿದ್ದಿತ್ತು ಎಂಬುದೂ ಗೊತ್ತು, ಏಕೆಂದರೆ ಮನೆಯ ಹೆಸರನ್ನು ಯಾರೋ ಉಳಿಸಿಕೊಂಡರು. ಎಷ್ಟೋ ಪುಸ್ತಕಗಳಿಗೆ ಈ ಭಾಗ್ಯ ಸಿಗುವುದಿಲ್ಲ. ಹಿಂದೊಮ್ಮೆ ಒಂದು ಸಂಗ್ರಹದಲ್ಲಿ ಇಂಥದೇ ಕಲ್ಲಚ್ಚಿನ ಪುಸ್ತಕ ನೋಡಿದ್ದೆ. ಹೊಸ ರಟ್ಟು, ಬಂಗಾರದ ಅಕ್ಷರ, ಸುತ್ತ ಅಂಚನ್ನು ನೀಟಾಗಿ ಕತ್ತರಿಸಿದ್ದರು. ಬಲ ಅಂಚಿನಲ್ಲಿ ಯಾರದೋ ಹೆಸರಿನ ಅರ್ಧ ‘ಪ್ಪ’ ಮಾತ್ರ ಉಳಿದಿತ್ತು. ಆ ‘ಪ್ಪ’ ಇಂದಿಗೂ ನನ್ನನ್ನು ಕಾಡುತ್ತದೆ. ಈಗ ಸ್ಕ್ಯಾನ್ ಮಾಡುವವರು ಪದ್ಯವಿರುವಷ್ಟೇ ಚೌಕ ಹಿಡಿಯುತ್ತಾರೆ. ಜೈಮಿನಿಯ ಪದ್ಯಗಳು ಬೇರೆ ನೂರು ಕಡೆ ಸಿಗುತ್ತವೆ, ಕರಜಗಿಯ ಅಂಚು ಕರಜಗಿಯಲ್ಲಿ ಮಾತ್ರ. ಮನೆಯಲ್ಲಿ ಹಳೆಯ ಹೊತ್ತಿಗೆ ಇರುವವರು ಯಾರಿಗಾದರೂ ಕೊಡುವ ಮೊದಲು ಒಂದು ಚೀಟಿಯಲ್ಲಿ ಯಾರ ಮನೆ, ಯಾವ ಊರು, ಯಾರ ಕೈಯಿಂದ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟರೆ ದೊಡ್ಡ ಉಪಕಾರ. ಶಾಯಿ ಬೇಡ, ಹಳೆಯ ಕಾಗದಕ್ಕೆ ಅದು ಇಳಿಯುತ್ತದೆ.

ಮಾಸ್ತರರ ಮೊಮ್ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅಜ್ಜ ಹಾಳೆ ತಿರುವುವಾಗ ಪಕ್ಕದಲ್ಲಿ ಕೂತು ಅಕ್ಕಿಕಾಳಿನ ಗುರುತು ಎಣಿಸುವುದು ಅವಳ ಕೆಲಸ.

ಹೊರಡುವ ಮೊದಲು ಕೇಳಿದೆ: ಕೊನೆಯ ಹಾಳೆಯನ್ನು ಯಾರೂ ನೋಡಿಲ್ಲವೇ?

“ನಾನ ನೋಡೇನ್ರಿ” ಎಂದರು ಮಾಸ್ತರರು. ನಾಲ್ಕೋ ಐದೋ ವರ್ಷದವರಿದ್ದಾಗ, ವಾಟಣಿಗೆ ಮುಂಚೆ, ಅಜ್ಜ ಪುರಾಣ ಮುಗಿಸಿ ಪುಸ್ತಕ ಮುಚ್ಚುವಾಗ ಕೊನೆಯ ಹಾಳೆ ದಿನಾ ಕಾಣುತ್ತಿತ್ತು. ಶಾಲೆಗೆ ಹೋಗಿ ಅಕ್ಷರ ಕಲಿತು ಬರುವ ಹೊತ್ತಿಗೆ ಅದು ಇರಲಿಲ್ಲ.

ಎದ್ದು ಅಂಗಳಕ್ಕೆ ಬಂದರು. ಕೋಲನ್ನು ಗೋಡೆಗೆ ಆನಿಸಿ, ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಧೂಳಿನಲ್ಲಿ ಅದೇ ನಡುಬೆರಳಿನಿಂದ ಒಂದು ಚೌಕ ಎಳೆದರು. ಒಳಗೆ ಇನ್ನೊಂದು ಚೌಕ. ನಾಲ್ಕು ಮೂಲೆಗೆ ನಾಲ್ಕು ಹೂವು. ನಡುವೆ ಮೇಲೆ ಒಂದು ಉದ್ದ ಗೆರೆ, ಅದರ ಕೆಳಗೆ ಇನ್ನೊಂದು, ಎಲ್ಲಕ್ಕೂ ಕೆಳಗೆ ಒಂದು ಗಿಡ್ಡ ಗೆರೆ.

“ಇಲ್ಲಿ ಊರಿನ ಹೆಸರ ಇರಬೇಕ್ರಿ” ಎಂದು ಗಿಡ್ಡ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು.