ಸಂದಿಲ್ಲದ ಮನೆ

ಹಳೆಯ ಹೆಂಚಿನ ಮನೆಗೆ ಬೀಗ ಹಾಕಿದರೂ ಅದು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹೆಂಚಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ, ಜಂತೆಯ ತುದಿಯಲ್ಲೊಂದು ಪೊಳ್ಳು, ಓರೆಯಾಗಿ ತೂಗುಹಾಕಿದ ದೇವರ ಪಟದ ಹಿಂದೆ ಒಂದಿಷ್ಟು ಮರೆ. ಅಲ್ಲಿ ಗುಬ್ಬಿಗಳು ಹುಲ್ಲು ತಂದು ತುರುಕುತ್ತಿದ್ದವು. ಕಸ ಬಿತ್ತೆಂದು ಯಾರಾದರೂ ಪೊರಕೆ ಎತ್ತಿದರೆ ಅಜ್ಜಿ ತಡೆಯುತ್ತಿದ್ದರು: ‘ಮರಿ ಹಾರಿಹೋಗಲಿ, ಆಮೇಲೆ ಗುಡಿಸೋಣ.’ ದೀಪ ಹಚ್ಚುವ ಹೊತ್ತಿಗೆ ಸೂರಿನಡಿಯಿಂದ ಕಿರುಬಾವಲಿಗಳು ಒಂದೊಂದಾಗಿ ಉದುರಿದಂತೆ ಹೊರಬಿದ್ದು, ಅಂಗಳದ ಮೇಲೆ ಹುಳು ಹಿಡಿಯುತ್ತ ಸುಳಿದಾಡುತ್ತಿದ್ದವು.

ಈಗ ನಾವು ಕಟ್ಟುವ ಮನೆಯಲ್ಲಿ ಸಂದು ಉಳಿದರೆ ಅದು ಕೆಲಸದ ಲೋಪ. ಗಾರೆ, ಪುಟ್ಟಿ, ಗಾಜು, ಸೊಳ್ಳೆ ಪರದೆ ಎಲ್ಲ ಸೇರಿ ಗೋಡೆಯನ್ನು ನುಣ್ಣಗೆ ಮುಚ್ಚಿಬಿಡುತ್ತವೆ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2020ರಲ್ಲಿ ಬಂದ ವರದಿಯ ಪ್ರಕಾರ, ಗುಬ್ಬಿಗಳ ಸಂಖ್ಯೆ ಒಟ್ಟು ಭಾರತದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಆದರೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿಯುತ್ತಿದೆ. ಅಂದರೆ ಗುಬ್ಬಿ ನಾಡು ಬಿಟ್ಟು ಹೋಗಿಲ್ಲ, ನಮ್ಮ ಹೊಸ ಊರುಗಳಲ್ಲಿ ಅದಕ್ಕೆ ನೆಲೆ ಕಡಿಮೆಯಾಗುತ್ತಿದೆ.

ಮರಕುಟಿಗ, ಕುಟ್ರು ಹಕ್ಕಿಗಳು ತಮ್ಮ ಪೊಟರೆಯನ್ನು ತಾವೇ ಕೊರೆದುಕೊಳ್ಳುತ್ತವೆ. ಗುಬ್ಬಿ, ಮಡಿವಾಳ, ಗೊರವಂಕ, ಚೇಕಡಿ, ಹಾಲಕ್ಕಿಗಳ ಕೊಕ್ಕಿಗೆ ಆ ಶಕ್ತಿಯಿಲ್ಲ. ಇನ್ನೊಬ್ಬರು ಬಿಟ್ಟುಹೋದ ಪೊಟರೆಯೋ ಗೋಡೆಯ ತೂತೋ ಸಿಕ್ಕರಷ್ಟೇ ಅವುಗಳ ಸಂಸಾರ. ಆ ತೂತಿನ ಬೆಲೆ ಎಷ್ಟೆಂಬುದನ್ನು ಪಕ್ಷಿತಜ್ಞ ಸಲೀಂ ಅಲಿ ಬಾಲಕನಾಗಿದ್ದಾಗಲೇ ಕಂಡಿದ್ದರು. ಕುದುರೆ ಲಾಯದ ಗೋಡೆಯ ತೂತಿನಲ್ಲಿ ಹೆಣ್ಣು ಗುಬ್ಬಿ ಕಾವಿಗೆ ಕೂತಿತ್ತು, ಹೊರಗೆ ಗಂಡು ಕಾವಲಿತ್ತು. ಬೇಟೆಯ ಹುರುಪಿನಲ್ಲಿದ್ದ ಹುಡುಗ ಆ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಅದೇ ಜಾಗಕ್ಕೆ ಇನ್ನೊಂದು ಗಂಡು ಬಂತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು! ಜೋಡಿ, ಗೂಡು ಎರಡೂ ಸಿಗುವ ಒಂದು ತೂತಿಗೆ ಎಷ್ಟು ಹಕ್ಕಿಗಳು ಕಾದು ನಿಂತಿರುತ್ತವೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಕ್ಕಿ ಗೂಡು ಮಾಡಲೆಂದು ನಾವು ಗೋಡೆಗೆ ನೇತುಹಾಕುವ ಪೆಟ್ಟಿಗೆ ಆ ಕಳೆದುಹೋದ ತೂತಿಗೆ ಬದಲಿ. ಹಾಗಾಗಿ ಪೆಟ್ಟಿಗೆಯ ಅಂದಕ್ಕಿಂತ ಅಳತೆ ಮುಖ್ಯ. ಗುಬ್ಬಿಗೆ 32 ಮಿಲಿಮೀಟರ್ ಅಗಲದ ದುಂಡನೆಯ ತೂತು ಸಾಕು. ಅದಕ್ಕಿಂತ ದೊಡ್ಡದಾದರೆ ಗೊರವಂಕ ಆಕ್ರಮಿಸುತ್ತದೆ, ಕಾಗೆ ಕೊಕ್ಕು ತೂರಿಸಿ ಮರಿಯನ್ನು ಎಳೆಯುತ್ತದೆ. ಚೇಕಡಿಗೆ 28 ಮಿಲಿಮೀಟರ್ ಸಾಲುತ್ತದೆ. ಮಡಿವಾಳಕ್ಕೆ ಸುಮಾರು 5 ಸೆಂಟಿಮೀಟರ್ ಬೇಕು. ತೂತು ತಳದಿಂದ ಒಂದು ಗೇಣಿನಷ್ಟಾದರೂ ಮೇಲಿರಲಿ, ಮರಿಗಳು ಆಳದಲ್ಲಿ ಸುರಕ್ಷಿತವಾಗಿರುತ್ತವೆ. ಅಂಗಡಿಯ ಪೆಟ್ಟಿಗೆಗಳಲ್ಲಿ ತೂತಿನ ಕೆಳಗೊಂದು ಕಡ್ಡಿ ಸಿಕ್ಕಿಸಿರುತ್ತಾರೆ. ಗುಬ್ಬಿಗೆ ಅದು ಬೇಡ, ಕಾಗೆಗೆ ಮಾತ್ರ ಅದು ಅನುಕೂಲ. ತೆಗೆದುಬಿಡಿ.

ಬಾವಲಿಯ ಲೆಕ್ಕ ಬೇರೆ. ಅದಕ್ಕೆ ದುಂಡನೆಯ ತೂತಲ್ಲ, ಸಪೂರ ಸೀಳು ಬೇಕು. ನಾಲ್ಕೈದು ಗ್ರಾಂ ತೂಗುವ ಕಿರುಬಾವಲಿ ಎರಡು ಹಲಗೆಗಳ ನಡುವೆ ಮೈಯನ್ನು ಒತ್ತಿಕೊಂಡು ಮಲಗುತ್ತದೆ. ಬೆನ್ನಿಗೂ ಹೊಟ್ಟೆಗೂ ಗೋಡೆ ತಾಕಿದರೆ ಅದಕ್ಕೆ ನೆಮ್ಮದಿ. ಇದನ್ನು ಅಮೆರಿಕದ ಎರಡು ಕಟ್ಟಡಗಳು ಚೆನ್ನಾಗಿ ಹೇಳುತ್ತವೆ.

ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ವೈದ್ಯ ಚಾರ್ಲ್ಸ್ ಕ್ಯಾಂಬೆಲ್ ಮಲೇರಿಯಾಕ್ಕೆ ಬಾವಲಿಗಳೇ ಮದ್ದೆಂದು ನಂಬಿ, 20ನೇ ಶತಮಾನದ ಆರಂಭದಲ್ಲಿ ಅವುಗಳಿಗಾಗಿ ಮರದ ಗೋಪುರಗಳನ್ನು ಕಟ್ಟಿಸಿದರು. ಅವರ ನಕ್ಷೆಯಂತೆ 1929ರಲ್ಲಿ ಫ್ಲಾರಿಡಾದ ಶುಗರ್‌ಲೋಫ್ ಕೀ ದ್ವೀಪದಲ್ಲಿ ಸುಮಾರು 30 ಅಡಿ ಎತ್ತರದ ಗೋಪುರ ಎದ್ದಿತು. ಬಾವಲಿಗಳು ಅಲ್ಲಿ ನೆಲೆಸಲೇ ಇಲ್ಲ. 2017ರ ಚಂಡಮಾರುತಕ್ಕೆ ಉರುಳುವವರೆಗೂ ಅದು ಖಾಲಿ ನಿಂತಿತ್ತು. ಅದೇ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ 1980ರಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು ನವೀಕರಿಸಿದಾಗ ಅದರಡಿ ಇಂಚಿನಷ್ಟು ಅಗಲದ ಆಳವಾದ ಸಂದುಗಳು ಉಳಿದವು. ಬಾವಲಿಗಳ ಯೋಚನೆ ಯಾರಿಗೂ ಇರಲಿಲ್ಲ. ಆದರೂ ಅವು ಬಂದವು. ಬೇಸಿಗೆಯಲ್ಲಿ ಈಗ ಅಲ್ಲಿ ಸುಮಾರು 15 ಲಕ್ಷ ಬಾವಲಿಗಳಿರುತ್ತವೆ. ಮೊದಲು ಅವನ್ನು ಓಡಿಸಬೇಕೆಂದು ಹಟ ಹಿಡಿದ ಊರು, ಇಂದು ಅವು ಸಂಜೆ ಹಾರುವುದನ್ನು ನೋಡಲು ಸೇತುವೆಯ ಮೇಲೆ ಸೇರುತ್ತದೆ.

ಹಾಗಾದರೆ ನಮ್ಮ ಗೋಡೆಗೆ ಎಂಥ ಬಾವಲಿ ಪೆಟ್ಟಿಗೆ? ಎರಡು ಅಡಿ ಎತ್ತರದ ಚಪ್ಪಟೆ ಪೆಟ್ಟಿಗೆ. ತಳದಲ್ಲಿ 2 ಸೆಂಟಿಮೀಟರ್ ಅಗಲದ ಸೀಳು. ಉಗುರು ಸಿಕ್ಕಿಸಿ ಏರಲು ಒಳಗಿನ ಹಲಗೆಗೆ ಒರಟು ಗೀರುಗಳು. ನೆಲದಿಂದ ಹನ್ನೆರಡು ಅಡಿಗಿಂತ ಮೇಲಿರಲಿ. ಬಾವಲಿ ನೆಗೆದು ಹಾರುವುದಿಲ್ಲ, ಕೆಳಗೆ ಜಾರಿ ಬಿದ್ದು ರೆಕ್ಕೆ ಬಿಚ್ಚುತ್ತದೆ. ಆದ್ದರಿಂದ ಪೆಟ್ಟಿಗೆಯ ಕೆಳಗೆ ಕೊಂಬೆ, ತಂತಿ ಇರಬಾರದು. ರಾತ್ರಿಯಿಡೀ ಉರಿಯುವ ದೀಪವೂ ಹತ್ತಿರ ಬೇಡ. ಹಿಕ್ಕೆ ಬೀಳುವುದರಿಂದ ಬಾಗಿಲು, ಕಿಟಕಿಗಳ ಮೇಲೆ ತೂಗಹಾಕಬೇಡಿ. ಗಿಡದ ಪಾತಿಯ ಮೇಲಿದ್ದರೆ ಅದೇ ಗೊಬ್ಬರವಾಗುತ್ತದೆ.

ಚಳಿದೇಶದ ಪುಸ್ತಕಗಳು ಪೆಟ್ಟಿಗೆಗೆ ಗಾಢ ಬಣ್ಣ ಬಳಿದು ಬಿಸಿಲಿಗೆ ಇಡಲು ಹೇಳುತ್ತವೆ. ನಮ್ಮಲ್ಲಿ ಹಾಗೆ ಮಾಡಿದರೆ ಅದು ಒಲೆಯಾಗುತ್ತದೆ. ಒಳಗಿನ ಬಿಸಿ 40 ಡಿಗ್ರಿ ದಾಟಿದರೆ ಮರಿಗಳ ಜೀವಕ್ಕೇ ಅಪಾಯ. ಹಕ್ಕಿಗಾಗಲಿ ಬಾವಲಿಗಾಗಲಿ ದಪ್ಪ ಮರದ ಪೆಟ್ಟಿಗೆಯೇ ಒಳ್ಳೆಯದು, ತಗಡು ಬೇಡ. ಪಡುವಣದ ಬಿಸಿಲೂ ಮುಂಗಾರಿನ ಇರಚಲೂ ತಾಕದಂತೆ ಸೂರಿನ ಕೆಳಗೆ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕಟ್ಟಿ. ಗುಬ್ಬಿ ಪೆಟ್ಟಿಗೆ ಫ್ಯಾನಿನಿಂದ ದೂರವಿರಲಿ.

ಬಾವಲಿ ಎಂದರೆ ರೋಗ ಎಂಬ ಅಂಜಿಕೆ ಹಲವರಲ್ಲಿದೆ. ನಿಪಾ ವೈರಸ್ಸಿನ ಮಾತು ಬಂದಾಗ ಹೇಳುವುದು ಆಲದ ಮರದಂಥ ದೊಡ್ಡ ಮರಗಳಲ್ಲಿ ಜೋತುಬೀಳುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳನ್ನು. ಅವು ನಮ್ಮ ಪೆಟ್ಟಿಗೆಯಲ್ಲಿ ಹಿಡಿಸುವುದೂ ಇಲ್ಲ. ಇಲ್ಲಿಗೆ ಬರುವವು ಹುಳು ತಿನ್ನುವ ಕಿರುಬಾವಲಿಗಳು. ಹಾಗೆಂದು ಅಸಡ್ಡೆ ಸಲ್ಲದು. ನೆಲಕ್ಕೆ ಬಿದ್ದ ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಪೆಟ್ಟಿಗೆ ಕಟ್ಟಿಯೂ ಯಾರೂ ಬರಲಿಲ್ಲವೆಂದು ಬೇಸರಿಸುವವರು ಒಮ್ಮೆ ಅಂಗಳದತ್ತ ನೋಡಬೇಕು. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಮೊದಲ ದಿನಗಳಲ್ಲಿ ಉಣಿಸುವುದು ಕಂಬಳಿಹುಳು, ಮಿಡತೆಗಳನ್ನೇ. ಮೊಟ್ಟೆಯೊಡೆದ ಮರಿ ಎರಡು ವಾರಗಳಲ್ಲಿ ಹಾರಬೇಕು. ಆ ಎರಡು ವಾರ ಹುಳುಗಳಿಲ್ಲದಿದ್ದರೆ ಎಂಥ ಗೂಡೂ ವ್ಯರ್ಥ. ಅಂಗಳಕ್ಕೆಲ್ಲ ಸಿಮೆಂಟು ಹಾಸಿ, ಗಿಡಕ್ಕೆಲ್ಲ ಔಷಧ ಸಿಂಪಡಿಸಿ, ಮೇಲೆ ಪೆಟ್ಟಿಗೆ ತೂಗಿದರೆ ಅದು ಅನ್ನವಿಲ್ಲದ ಛತ್ರ. ದಾಸವಾಳ, ಕರಿಬೇವು, ಒಂದು ನಿಂಬೆ ಗಿಡ, ನಾಲ್ಕಡಿ ಬರಿಮಣ್ಣು, ಒಂದು ಬೋಗುಣಿ ನೀರು ಇದ್ದರೆ ಆ ಛತ್ರದಲ್ಲಿ ಒಲೆ ಉರಿಯುತ್ತದೆ.

ಇಂಗ್ಲೆಂಡಿನ ಬ್ರೈಟನ್ ನಗರ 2020ರಿಂದ, 5 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಲ್ಲಿ ಬಾನಾಡಿ ಹಕ್ಕಿಗಳಿಗೆ ಗೂಡಿನ ಜಾಗ ಕಲ್ಪಿಸುವುದನ್ನು ನಿಯಮವಾಗಿಸಿದೆ. ನಮಗೆ ನಿಯಮ ಬರುವವರೆಗೆ ಕಾಯಬೇಕಿಲ್ಲ. ಹಿಂದೆ ಸಂದುಗಳು ತಾವಾಗಿ ಉಳಿಯುತ್ತಿದ್ದವು, ಇನ್ನು ಮುಂದೆ ನಾವು ಮನಸ್ಸಿಟ್ಟು ಉಳಿಸಬೇಕು. ಮನೆ ಕಟ್ಟಿಸುವವರು ಗೋಡೆ ಏರುತ್ತಿರುವಾಗ ಮೇಸ್ತ್ರಿಗೆ ಒಂದು ಮಾತು ಹೇಳಿದರಾಯಿತು: ‘ಸೂರಿನ ಕೆಳಗೆ ಇಲ್ಲೊಂದು ಇಟ್ಟಿಗೆಯಷ್ಟು ಜಾಗ ಬಿಡಪ್ಪ.’