ಡಬ್ಬಿಯೊಳಗಿನ ಶಕ್ತಿ

ಪರೀಕ್ಷೆಯ ದಿನಗಳು ಸಮೀಪಿಸಿದವೆಂದರೆ ಅನೇಕ ಮನೆಗಳಲ್ಲಿ ಅಡಿಗೆಮನೆಯ ಗೂಡಿಗೆ ಬಣ್ಣದ ಡಬ್ಬಿಯೊಂದು ಬಂದು ಸೇರುತ್ತದೆ. ಅದರ ಮೇಲೆ ಜಿಗಿಯುತ್ತಿರುವ ಬಾಲಕನ ಚಿತ್ರವಿರುತ್ತದೆ. ‘ಶಕ್ತಿ’, ‘ಚುರುಕುತನ’ ಎಂಬ ದಪ್ಪ ಅಕ್ಷರಗಳಿರುತ್ತವೆ. ತಾಯಿತಂದೆಗಳು ತಮ್ಮ ಅಗತ್ಯಗಳನ್ನು ಮೊಟಕುಗೊಳಿಸಿಯಾದರೂ ಮಕ್ಕಳಿಗಾಗಿ ಅದನ್ನು ಕೊಳ್ಳುತ್ತಾರೆ. ಇನ್ನು ಕೆಲವರು ತೂಕವನ್ನು ಇಳಿಸುವುದೆಂದು ಹೇಳುವ ಗುಳಿಗೆಗಳಿಗೆ ಹಣ ತೆರುತ್ತಾರೆ. ಈ ಹಣಕ್ಕೆ ಪ್ರತಿಯಾಗಿ ಅವರಿಗೆ ದೊರೆಯುವುದೇನು?

ಶರೀರದ ಶಕ್ತಿಯು ಆಹಾರದಿಂದಲೇ ಬರತಕ್ಕದ್ದು. ಒಂದು ಗ್ರಾಂ ಶರ್ಕರಪಿಷ್ಟ ಅಥವಾ ಸಸಾರಜನಕವು ಸುಮಾರು 4 ಕಿಲೋಕ್ಯಾಲೊರಿಯನ್ನೂ, ಒಂದು ಗ್ರಾಂ ಕೊಬ್ಬು ಸುಮಾರು 9 ಕಿಲೋಕ್ಯಾಲೊರಿಯನ್ನೂ ಕೊಡುತ್ತದೆ. ಈ ಲೆಕ್ಕವು ರಾಗಿಮುದ್ದೆಗೂ ಒಂದೇ, ಡಬ್ಬಿಯ ಪುಡಿಗೂ ಒಂದೇ. ಡಬ್ಬಿಯ ಮೇಲೆ ಪದಾರ್ಥಗಳನ್ನು ಅವುಗಳ ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಆ ಪಟ್ಟಿಯ ಆರಂಭದಲ್ಲಿಯೇ ಸಕ್ಕರೆಯ ಹೆಸರಿದ್ದರೆ, ನಾವು ಬಹುಮಟ್ಟಿಗೆ ಸಕ್ಕರೆಗೇ ಹೆಚ್ಚಿನ ಬೆಲೆ ತೆರುತ್ತಿದ್ದೇವೆಂದು ತಿಳಿಯಬೇಕು.

ಸಸಾರಜನಕದ ಮಾತೂ ಹೀಗೆಯೇ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ; ಹೆಸರುಕಾಳಿನಲ್ಲಿಯೂ 20 ಗ್ರಾಂಗಿಂತ ಹೆಚ್ಚಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಅಧಿಕ ಸುಣ್ಣಾಂಶವಿದೆ. ಮೈಕಟ್ಟು ಬೆಳೆಸಲು ಸಸಾರಜನಕದ ಪುಡಿಗಳನ್ನು ಸೇವಿಸಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ ತಿಳಿಸಿದೆ.

‘ಶಕ್ತಿ ಪಾನೀಯ’ಗಳೆಂದು ಮಾರಾಟವಾಗುವ ಶೀಷೆಗಳಲ್ಲಿರುವ ಮುಖ್ಯ ವಸ್ತು ಕೆಫೀನ್ ಎಂಬ ಉತ್ತೇಜಕ. ದಣಿದ ಎತ್ತಿಗೆ ಚಾಟಿಯ ಏಟು ಕೊಟ್ಟರೆ ಅದು ನಾಲ್ಕು ಹೆಜ್ಜೆ ಬೇಗ ನಡೆಯಬಹುದು. ಆದರೆ ಅದರಿಂದ ಮೇವು ಹಾಕಿದಂತಾಗುವುದಿಲ್ಲ. ಕೆಫೀನಿನ ಕೆಲಸವೂ ಅಂತಹುದೇ. ಅದು ದಣಿವನ್ನು ಮರೆಸುತ್ತದೆ, ನಿದ್ರೆಯನ್ನು ಕೆಡಿಸುತ್ತದೆ. ಇಂತಹ ಪಾನೀಯವು ಮಕ್ಕಳಿಗೆ ತಕ್ಕುದಲ್ಲವೆಂಬ ಎಚ್ಚರಿಕೆಯನ್ನು ಶೀಷೆಯ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೇ ವಿಧಿಸಿದೆ. ಆ ಚಿಕ್ಕ ಅಕ್ಷರಗಳನ್ನು ಓದುವವರು ವಿರಳ.

ತೂಕ ಇಳಿಸುವ ಮದ್ದುಗಳ ಕಥೆ ಇನ್ನೂ ಗಂಭೀರವಾದುದು. 1933ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವು ತೂಕವನ್ನು ಇಳಿಸುತ್ತದೆಂದು ವರದಿ ಮಾಡಿದರು. ಜನರು ಅದಕ್ಕೆ ಮುಗಿಬಿದ್ದರು. ತೂಕ ಇಳಿದುದು ನಿಜ. ಆದರೆ ಮೈಯ ಕಾವು ಮಿತಿಮೀರಿ ಕೆಲವರು ಮೃತರಾದರು, ಹಲವರ ಕಣ್ಣಿಗೆ ಪೊರೆ ಬಂದಿತು. 1938ರಲ್ಲಿ ಅಲ್ಲಿನ ಸರಕಾರ ಅದು ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಸಾರಿತು. ಮುಂದೆ ಸಿಬುಟ್ರಮೀನ್ ಎಂಬ ಔಷಧ ಬಂದಿತು. ಅದರಿಂದ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದೆಂದು ಕಂಡುಬಂದುದರಿಂದ 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು. 2011ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಆದರೂ ‘ಶುದ್ಧ ಗಿಡಮೂಲಿಕೆ’ಗಳೆಂದು ಮಾರಲಾಗುತ್ತಿದ್ದ ಅನೇಕ ಗುಳಿಗೆಗಳಲ್ಲಿ ಅದೇ ಔಷಧವನ್ನು ಗುಟ್ಟಾಗಿ ಬೆರೆಸಿದ್ದುದು ಅಮೆರಿಕದ ಸರಕಾರಿ ಪರೀಕ್ಷೆಗಳಲ್ಲಿ ಬಯಲಾಯಿತು. ಹೀಗೆ, ನಿರುಪಯುಕ್ತವಾದುದನ್ನು ಕೊಂಡವನು ಹಣವನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಗುಟ್ಟಿನ ಮದ್ದನ್ನು ನುಂಗಿದವನು ಆರೋಗ್ಯವನ್ನೂ ಕಳೆದುಕೊಳ್ಳಬಹುದು.

ಹಾಗೆಂದು ಎಲ್ಲ ಗುಳಿಗೆಗಳೂ ವಂಚನೆಯಲ್ಲ. ರಕ್ತಹೀನತೆಯನ್ನು ತಡೆಯಲು ಸರಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆ ಉಪಯುಕ್ತವಾದುದು. ಅದು ಒಂದು ಗೊತ್ತಾದ ಕೊರತೆಯನ್ನು ನೀಗಲು ಗೊತ್ತಾದ ಪ್ರಮಾಣದಲ್ಲಿದೆ. ಅದಕ್ಕೆ ಬೆಲೆಯೂ ಇಲ್ಲ. ಸದಾ ಆಯಾಸವೆನಿಸಿದರೆ, ತೂಕ ಕಾರಣವಿಲ್ಲದೆ ಏರಿದರೆ ಅಥವಾ ಇಳಿದರೆ, ಕೇಳಬೇಕಾದುದು ವೈದ್ಯರನ್ನೇ ಹೊರತು ಅಂಗಡಿಯವನನ್ನಲ್ಲ.

ಆದುದರಿಂದ ಇಂತಹ ಡಬ್ಬಿಯೊಂದು ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದರಲ್ಲಿ ಏನೇನು, ಎಷ್ಟೆಷ್ಟು ಇದೆ? ಅದೇ ವಸ್ತು ಸಂತೆಯಲ್ಲಿ ಎಷ್ಟು ಬೆಲೆಗೆ ಸಿಗುತ್ತದೆ? ಇದು ನನಗೆ ಬೇಕೆಂದು ಹೇಳಿದವರು ಯಾರು, ವೈದ್ಯರೋ ಮಾರುವವರೋ? ಮನೆಯಲ್ಲಿ ಇಂತಹ ಡಬ್ಬಿಯಿದ್ದರೆ ಇಂದೇ ಅದರ ಹಿಂಬದಿಯನ್ನು ತಿರುಗಿಸಿ, ತಾಯಿತಂದೆಗಳಿಗೆ ಓದಿ ಹೇಳಿರಿ. ಕಲಿತ ಅಕ್ಷರಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೊಂದಿಲ್ಲ.